ಉಪಗ್ರಹ ಎಂಟು ಹಾಕಿದ್ದು

ಮುಚ್ಚಳ ಹೇಳಿದ್ದು ಒಂದೇ ಒಂದು ಸಾಲು, ಅದೂ ನಿಜವೇ.

ಎರಡು ವರ್ಷದ ಕೆಳಗೆ ಮುಚ್ಚಳ ಎಂಬ ಅಡ್ಡಹೆಸರಿನ ಈ ಹುಡುಗ ಮದುವೆ ಮಾತುಕತೆಗೆಂದು ಹುಡುಗಿಯ ಮನೆಗೆ ಹೋಗಿದ್ದ. ಎದುರು ಸೋಫಾದಲ್ಲಿ ಹುಡುಗಿಯ ಅಪ್ಪ ಬೆನ್ನಿಗೆ ಮರದ ಪಟ್ಟಿ ಕಟ್ಟಿಕೊಂಡವರ ಹಾಗೆ ನೆಟ್ಟಗೆ ಕೂತು, "ಏನು ಕೆಲಸ?" ಎಂದರು. ಆ ಗತ್ತಿನ ಮುಂದೆ "ಕಾರಲ್ಲಿ ಕೂತು ಬೀದಿ ಬೀದಿ ಸುತ್ತೋದು" ಎನ್ನಲು ಮುಚ್ಚಳನಿಗೆ ನಾಲಿಗೆ ಏಳಲಿಲ್ಲ. ಗಂಟಲು ಸರಿಮಾಡಿಕೊಂಡು, "ಉಪಗ್ರಹಗಳ ಜೊತೆ ಕೆಲಸ ಸಾರ್" ಎಂದ.

ಇದರಲ್ಲಿ ಸುಳ್ಳು ಎಳ್ಳಷ್ಟೂ ಇಲ್ಲ. ಅವನದು ನಕ್ಷೆ ಮಾಡುವ ಕಂಪನಿ. ಅವರ ಕಾರಿನ ನೆತ್ತಿಯ ಮೇಲೊಂದು ಕಂಬಿ, ಕಂಬಿಯ ತುದಿಯಲ್ಲಿ ಕುಂಬಳಕಾಯಿ ಗಾತ್ರದ ಗುಂಡು, ಗುಂಡಿಗೆ ಆರು ಕಣ್ಣು. ಕಾರು ಸಾಗಿದಂತೆ ಆ ಆರು ಕಣ್ಣು ಬೀದಿಯ ಫೋಟೋ ತೆಗೆಯುತ್ತವೆ. ಅದರ ಕೆಳಗೆ ಗಿರಗಿರ ತಿರುಗುವ ಲೇಸರು ಮನೆ, ಮರ, ಕಂಬ, ಚರಂಡಿ ಎಲ್ಲದರ ಅಳತೆ ಹಿಡಿಯುತ್ತದೆ. ತಾನೀಗ ಭೂಮಿಯ ಯಾವ ಮೂಲೆಯಲ್ಲಿದ್ದೇನೆ ಅಂತ ಆ ಯಂತ್ರ ದಾರಿಹೋಕರನ್ನು ಕೇಳುವುದಿಲ್ಲ, ನೇರವಾಗಿ ಆಕಾಶದ ಉಪಗ್ರಹಗಳನ್ನೇ ಕೇಳುತ್ತದೆ. ಮುಚ್ಚಳ ಹಿಂದಿನ ಸೀಟಿನ ಎಡಗಡೆ ಲ್ಯಾಪ್‌ಟಾಪ್ ತೊಡೆಗೇರಿಸಿಕೊಂಡು, ಆ ಸಂಭಾಷಣೆ ಸುಸೂತ್ರವಾಗಿ ನಡೆದಿದೆಯೇ ಎಂದು ಕಾವಲು ಕಾಯುತ್ತಾನೆ. ಉಪಗ್ರಹಗಳ ಜೊತೆ ಕೆಲಸ ಅನ್ನದೆ ಇದಕ್ಕೆ ಇನ್ನೇನನ್ನಬೇಕು?

ಆದರೆ ಆ ಸಾಲು ಹಾಲ್‌ನಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ "ಹುಡುಗ ಉಪಗ್ರಹ ಮಾಡ್ತಾನಂತೆ" ಆಯಿತು. ಅಡುಗೆಮನೆಯಿಂದ ಕಾಂಪೌಂಡ್ ಹಾರಿ ಪಕ್ಕದ ಮನೆಗೆ ಬೀಳುವಷ್ಟರಲ್ಲಿ "ಹುಡುಗ ರಾಕೆಟ್ ಬಿಡ್ತಾನಂತೆ" ಆಯಿತು. ಬೀದಿಯ ಕೊನೆಯ ಔಷಧಿ ಅಂಗಡಿ ಮುಟ್ಟಿದಾಗ ಹುಡುಗ ಖುದ್ದು ಮೇಲೆ ಹೋಗಿ ಇಳಿದು ಬಂದಿದ್ದ. ಮದುವೆಯ ದಿನ ನೆಂಟರೆಲ್ಲ ಸಾಲಾಗಿ ಬಂದು ಕೈಕುಲುಕಿದ್ದು ಮದುಮಗನದಲ್ಲ, ಗಗನಯಾತ್ರಿಯದು. ಅತ್ತೆಮನೆಯಲ್ಲಿ ಅವನ ಹೆಸರೇ 'ಸ್ಯಾಟಲೈಟ್ ಅಳಿಯ'.

ಹೆಂಡತಿಗೆ ಮದುವೆಯಾದ ವಾರಕ್ಕೇ ನಿಜ ಗೊತ್ತಾಯಿತು. ಅವಳು ಬಿದ್ದು ಬಿದ್ದು ನಕ್ಕಳು. "ನಂಗೇನ್ರೀ, ರಾಕೆಟ್ ಆದ್ರೂ ಅಷ್ಟೆ, ರಿಕ್ಷಾ ಆದ್ರೂ ಅಷ್ಟೆ. ಆದ್ರೆ ನಮ್ಮಪ್ಪಂಗೆ ನೀವೇ ಹೇಳ್ಬೇಕು. ನಾನ್ ಹೇಳಲ್ಲ. ಸಿನಿಮಾ ಅರ್ಧಕ್ಕೇ ಎದ್ದು ಬರೋ ಅಭ್ಯಾಸ ನಂಗಿಲ್ಲ."

ಹೇಳುವುದು ಸುಲಭವೇ? ಮಾವ ಅಂತಿಂಥ ಮಾವನಲ್ಲ. ಲೈಸೆನ್ಸ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಡ್ರೈವಿಂಗ್ ಟೆಸ್ಟ್ ತೆಗೆದುಕೊಂಡು ರಿಟೈರ್ ಆದವರು. ಊರಿಗೆಲ್ಲ 'ಎಂಟರ ಸಾಹೇಬ್ರು'. ಎಂಟರ ಆಕಾರದಲ್ಲಿ ಗಾಡಿ ಓಡಿಸಿ ತೋರಿಸದೆ ಅವರ ಕೈಯಿಂದ ಲೈಸೆನ್ಸ್ ಪಡೆದ ಗಂಡು ಹುಟ್ಟಿರಲಿಲ್ಲ. ಅಪ್ಪನೂ ಮಗನೂ ಒಂದೇ ದಿನ ಬಂದು, ಒಂದೇ ಗಾಡಿಯಲ್ಲಿ ಫೇಲಾಗಿ, ಒಂದೇ ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡು ಹೋದ ಮನೆಗಳಿವೆ. ಒಮ್ಮೆ ಒಬ್ಬ ಭಾಷಾಭಿಮಾನಿ, "ನನ್ನ ಎಂಟು ನನ್ನ ಭಾಷೆಯಲ್ಲೇ" ಎಂದು ಕನ್ನಡದ ೮ ಹಾಕಿದನಂತೆ. ಅದು ಹೊರಟಲ್ಲಿಗೆ ಬಂದು ಕೂಡಿಕೊಳ್ಳುವ ಅಂಕಿಯಲ್ಲವಲ್ಲ, ಗೇಟು ದಾಟಿ ಹೋದವನು ತಿರುಗಿ ಬರಲೇ ಇಲ್ಲವಂತೆ. ರಿಟೈರ್ ಆಗಿ ಐದು ವರ್ಷವಾದರೂ ಸಾಹೇಬರ ಕೊರಳಿನಿಂದ ಸೀಟಿ ಇಳಿದಿರಲಿಲ್ಲ. ಮನೆಯಲ್ಲಿ ಯಾರಾದರೂ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೂ 'ಪೀಂಯ್' ಎನ್ನುತ್ತಿತ್ತು.

ಇಂಥವರ ಮುಂದೆ ನಿಂತು "ಮಾವ, ನಾನು ಕಾರಿನ ಹಿಂದಿನ ಸೀಟಿನವನು" ಎನ್ನುವುದಕ್ಕಿಂತ ನಿಜವಾಗಿಯೇ ಒಂದು ರಾಕೆಟ್ ಬಿಟ್ಟುಬಿಡುವುದು ವಾಸಿ.

ಇನ್ನು ಮುಚ್ಚಳ ಎನ್ನುವ ಹೆಸರು ಆಫೀಸಿನ ಕೊಡುಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ಯಾಮೆರಾ ಗುಂಡಿನ ಮೇಲಿನ ಮುಚ್ಚಳ ತೆಗೆಯುವುದನ್ನು ಮರೆತು ಹನ್ನೊಂದು ಕಿಲೋಮೀಟರ್ ಅಪ್ಪಟ ಕತ್ತಲೆ ಚಿತ್ರೀಕರಿಸಿಕೊಂಡು ಬಂದಿದ್ದ. ಎರಡನೆಯ ಸಲ, ಡ್ರೈವರ್ ಬರದ ದಿನ, ಸ್ಟಿಯರಿಂಗನ್ನೂ ಲ್ಯಾಪ್‌ಟಾಪನ್ನೂ ತಾನೇ ನೋಡಿಕೊಳ್ಳಲು ಹೋಗಿ ಒಂದು ಬೇಕರಿಯ ಒಳಭಾಗವನ್ನು ಮಿಲಿಮೀಟರ್ ತಪ್ಪಿಲ್ಲದೆ ಅಳೆದು ಬಂದ. ಅಂದಿನಿಂದ 'ಓಡಿಸುವವರು ಬೇರೆ, ನೋಡುವವರು ಬೇರೆ' ಎಂಬ ನಿಯಮ ಆಫೀಸಿನ ಗೋಡೆಗೇರಿತು. ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಬೇಕರಿಯ ಬನ್ನು ಬರೆದಿದ್ದರು.

"ಮೂರನೇ ತಪ್ಪಾದ್ರೆ ಸೋಮವಾರದಿಂದ ನೀವು ಮುಖ ಮಸುಕು ಟೇಬಲ್‌ಗೆ," ಎಂದಿದ್ದರು ಡೇಟಾ ಮೇಡಂ. ಅವರು ಆಫೀಸಿನಲ್ಲೇ ಕೂತು ಊರಿನ ಎಲ್ಲ ಕಾರುಗಳನ್ನೂ ಪರದೆಯ ಮೇಲೆ ಚುಕ್ಕಿಗಳಾಗಿ ನೋಡುವ ಮಹಾತಾಯಿ. ಮುಖ ಮಸುಕು ಟೇಬಲ್ ಅಂದರೆ ಕಾರುಗಳು ತಂದ ಫೋಟೋಗಳಲ್ಲಿ ದಾರಿಹೋಕರ ಮುಖಗಳು ಗುರುತು ಸಿಗದಂತೆ ಮಸುಕಾಗಿವೆಯೇ ಎಂದು ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಒಂದೊಂದಾಗಿ ನೋಡುವುದು. ಅಲ್ಲಿ ನಾಲ್ಕು ವರ್ಷ ಕೂತ ಒಬ್ಬ ಮನೆಗೆ ಹೋಗಿ ಸ್ವಂತ ಹೆಂಡತಿಗೆ "ಯಾರು ಬೇಕಿತ್ತು?" ಅಂದನಂತೆ.

ಬೀದಿಯ ಗಾಳಿ ಕುಡಿದು ಬೆಳೆದ ಮುಚ್ಚಳನಿಗೆ ಅದು ಜೀವಾವಧಿ ಶಿಕ್ಷೆ. ಇಂಥ ಹೊತ್ತಿನಲ್ಲೇ ವಿಧಿ ಎಂಟ್ರಿ ಕೊಟ್ಟಿತು. ತಿಂಗಳುಗಟ್ಟಲೆ ಏನೇನೋ ನೆಪ ಹೇಳಿ ಮುಂದೂಡಿದ್ದ ಒಂದೇ ಒಂದು ಬೀದಿ ನಕ್ಷೆಯಲ್ಲಿ ಹಲ್ಲು ಬಿದ್ದ ಜಾಗದ ಹಾಗೆ ಖಾಲಿ ಉಳಿದಿತ್ತು. ಮಾವನ ಬೀದಿ.

"ಶನಿವಾರ, ಮಧ್ಯಾಹ್ನ ಹನ್ನೆರಡರ ಒಳಗೆ," ಎಂದರು ಮೇಡಂ. "ಆಮೇಲೆ ಸ್ಕೂಲು ಬಿಡತ್ತೆ, ಬೀದಿ ತುಂಬ ಜನ. ಓಡಾಡೋರೆಲ್ಲ ಲೇಸರಲ್ಲಿ ದೆವ್ವದ ಥರ ಬರ್ತಾರೆ. ನಂಗೆ ಕ್ಲೀನ್ ಬೀದಿ ಬೇಕು."

ಶನಿವಾರ ಬೆಳಿಗ್ಗೆ ಮುಚ್ಚಳ ಕನ್ನಡಿಯ ಮುಂದೆ ಕಪ್ಪು ಕನ್ನಡಕ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು, ಹುಬ್ಬೇರಿಸಿ ದಿನದ ಡೈಲಾಗ್ ಬಿಟ್ಟ: "ರೋಡು ನಂದು, ಆಕಾಶ ನಂದು! ಮಧ್ಯ ಬಂದೋರ ಮುಖ... ಮಸುಕು!"

"ಹೀರೋ, ಪ್ಯಾಂಟಿನ ಜಿಪ್ ಹಾಕ್ಕೊಳಿ," ಎಂದಳು ಹೆಂಡತಿ.

ಹತ್ತೂವರೆಗೆ ಕಾರು ಮಾವನ ಬೀದಿಯ ತುದಿಯ ಮೈದಾನಕ್ಕೆ ಇಳಿಯಿತು. ಓಡಿಸುತ್ತಿದ್ದವನು ಕ್ಲಚ್ಚಣ್ಣ. ಎಡಗಾಲು ಕ್ಲಚ್ಚಿನ ಮೇಲಿಂದ ತೆಗೆದರೆ ಎಲ್ಲಿ ಕಳೆದುಹೋಗುತ್ತದೋ ಎಂದು ಹೆದರುವ, ಅದೊಂದು ಬಿಟ್ಟರೆ ಚಿನ್ನದಂಥ ಡ್ರೈವರು.

ಹೊರಡುವ ಮೊದಲು ಒಂದು ವಿಧಾನವಿದೆ. ತೆರೆದ ಆಕಾಶದ ಕೆಳಗೆ ಕಾರು ಐದು ನಿಮಿಷ ಕದಲದೆ ನಿಲ್ಲಬೇಕು. ಒಳಗಿನವರು ಕೆಮ್ಮುವಂತಿಲ್ಲ, ಸೀನುವಂತಿಲ್ಲ. ತಾನು ನಿಂತಿದ್ದೇನೆ ಎಂದು ಯಂತ್ರಕ್ಕೆ ನಂಬಿಕೆ ಬರಬೇಕು. ಆಮೇಲೆ ಎಡ ಯಾವುದು ಬಲ ಯಾವುದು ಎಂದು ಅದಕ್ಕೆ ನೆನಪಾಗಲು ಐದಾರು ಎಂಟು ಹಾಕಬೇಕು. ಆಗ ಲ್ಯಾಪ್‌ಟಾಪಿನ ಕೆಂಪು ದೀಪ ಹಸಿರಾಗುತ್ತದೆ. ಹಸಿರಾಗದೆ ಹೊರಟರೆ ಹಿಡಿದ ಅಳತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು.

ಐದು ನಿಮಿಷ ಮುಗಿದು ಕ್ಲಚ್ಚಣ್ಣ ಮೊದಲ ಎಂಟು ಹಾಕಿದ. ಎರಡನೆಯದು ಹಾಕಿದ. ಮೂರನೆಯದರ ಸೊಂಟದಲ್ಲಿದ್ದಾಗ ಮೈದಾನದ ಇನ್ನೊಂದು ತುದಿಯಿಂದ ಸದ್ದು ಬಂತು.

ಪೀಂಯ್!

ಟ್ರ್ಯಾಕ್ ಪ್ಯಾಂಟಿಗೆ ಷರ್ಟು ಇನ್ ಮಾಡಿಕೊಂಡು, ಎದೆ ಮುಂದೆ ಚಾಚಿಕೊಂಡು, ಬಿರುಗಾಳಿಯ ಮ್ಯೂಸಿಕ್ ಇಲ್ಲದಿದ್ದರೂ ಇದೆ ಅನ್ನಿಸುವಂತೆ ಎಂಟರ ಸಾಹೇಬರು ನಡೆದು ಬರುತ್ತಿದ್ದರು. ಮುಚ್ಚಳ ಸೀಟಿನಿಂದ ಜಾರಿ ಕಾಲಿಡುವ ಜಾಗದಲ್ಲಿ ಗೋಣಿಚೀಲದಂತೆ ಮುದುಡಿದ.

"ಏಯ್! ಗಾಡಿ ನಿಲ್ಸು!" ಸಾಹೇಬರು ಕಿಟಕಿಗೆ ಬಾಗಿದರು. "ಇದೇನು ಇದು? ಎಂಟಾ? ಇದು ಎಂಟಲ್ಲ, ಸೌತೆಕಾಯಿ! ಮೇಲಿನ ಹೊಟ್ಟೆ ದೊಡ್ಡದು, ಕೆಳಗಿನ ಹೊಟ್ಟೆ ಉಪವಾಸ! ಕ್ಲಚ್ ಮೇಲಿಂದ ಕಾಲ್ ತೆಗಿ ಮೊದ್ಲು!"

ಕ್ಲಚ್ಚಣ್ಣ ನಿಧಾನವಾಗಿ ತಲೆಯೆತ್ತಿದ. ಹದಿನೆಂಟು ವರ್ಷದ ಹಿಂದಿನ ದುಃಸ್ವಪ್ನ ಕಿಟಕಿಯಲ್ಲಿ ನಿಂತಿತ್ತು.

"ಸಾ... ಸಾಹೇಬ್ರೇ?"

"ಈ ಮುಖ ಎಲ್ಲೋ ನೋಡಿದೀನಲ್ಲ," ಎಂದರು ಸಾಹೇಬರು.

"ಐದು ಸಲ ನೋಡಿದೀರ ಸಾಹೇಬ್ರೇ! ಐದ್ ಸಲಾನೂ ಫೇಲ್ ಮಾಡಿದೀರ! ಪಕ್ಕದೂರಿಗೆ ಹೋಗಿ ಲೈಸೆನ್ಸ್ ತಗೊಂಡು ಹೊಟ್ಟೆ ಹೊರ್ಕೋತಿದೀನಿ. ಆರನೇ ಸಲ ಫೇಲಾದ್ರೆ ಹೆಂಡ್ತಿ ಮಕ್ಳಿಗೆ ಹೆಂಗ್ ಮುಖ ತೋರಿಸ್ಲಿ!" ಎಂದವನೇ ಬಾಗಿಲು ತೆರೆದು ಓಟ ಕಿತ್ತ. ಮೈದಾನದ ಗೋಡೆ ಹತ್ತಿ ಆಚೆ ಹಾರಿದ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ಅವನ ಎಡಗಾಲು ಅಷ್ಟು ಮೇಲೆ ಎದ್ದಿತ್ತು.

ಸಾಹೇಬರು ಖಾಲಿ ಸೀಟನ್ನು ನೋಡಿದರು. ಆಮೇಲೆ ಹಿಂದಿನ ಸೀಟಿನ ಕೆಳಗಿದ್ದ ಗೋಣಿಚೀಲವನ್ನು ನೋಡಿದರು. ಗೋಣಿಚೀಲಕ್ಕೆ ಕಪ್ಪು ಕನ್ನಡಕವಿತ್ತು.

"ಅಳಿಯಂದ್ರು?"

"ನಮಸ್ಕಾರ ಮಾವ," ಎಂದಿತು ಗೋಣಿಚೀಲ.

"ಇಲ್ಲೇನ್ ಮಾಡ್ತಿದೀರಾ? ಕಾರಿನ ತಲೆ ಮೇಲೆ ಅದೇನದು ಗುಂಡು?"

ಇಲ್ಲಿಯೇ ನಿಜ ಹೇಳಿದ್ದರೆ ಕಥೆಗೆ ಇಂಟರ್‌ವಲ್ಲೂ ಬೇಕಿರಲಿಲ್ಲ. ಆದರೆ ಭಯದಲ್ಲಿ ಮುಚ್ಚಳನ ಬಾಯಿ ಅವನಿಗಿಂತ ಎರಡು ಹೆಜ್ಜೆ ಮುಂದೆ ಓಡುತ್ತದೆ.

"ಅದು... ಉಪಗ್ರಹ ಮಾವ. ಮೇಲೆ ಬಿಡೋಕ್ ಮುಂಚೆ... ರೋಡ್ ಟೆಸ್ಟ್."

ಎರಡು ವರ್ಷದಿಂದ ಅಳಿಯ ಬಾಹ್ಯಾಕಾಶದ ಬಗ್ಗೆ ಏನೇ ಗೊಣಗಿದರೂ ಸಾಹೇಬರಿಗೆ ತಲೆಬುಡ ಅರ್ಥವಾಗಿರಲಿಲ್ಲ. ಇದೊಂದು ಮಾತು ನೇರ ಎದೆಗೆ ಹೋಯಿತು. ಅವರ ಕಣ್ಣಂಚು ಒದ್ದೆಯಾಯಿತು.

"ಉಪಗ್ರಹಕ್ಕೂ ಟೆಸ್ಟ್ ಇದ್ಯಾ?"

"ಇದೆ ಮಾವ."

"ಎಂಟು ಹಾಕ್ಬೇಕಾ?"

"ಹಾಕ್ಲೇಬೇಕು. ಎಂಟು ಹಾಕ್ದಿದ್ರೆ ಮೇಲೆ ಬಿಡೋದೇ ಇಲ್ಲ."

"ಮೂವತ್ತೊಂದು ವರ್ಷ ಜನ ನನ್ನ ನೋಡಿ ನಕ್ಕರು," ಎಂದರು ಸಾಹೇಬರು ಆಕಾಶ ನೋಡುತ್ತ. "ಎಂಟು ಎಂಟು ಅಂತ ಸಾಯ್ತಾನೆ ಅಂದ್ರು. ನೋಡಿ ಈಗ! ಅಲ್ಲಿ ಮೇಲೂ ಅದೇ ರೂಲು!" ಅಂದವರೇ ಜೇಬಿನಿಂದ ಫೋನ್ ತೆಗೆದು ಬೀದಿಯ ಗ್ರೂಪಿಗೆ ದನಿ ಕಳಿಸಿದರು: "ಎಲ್ರೂ ಮೈದಾನಕ್ಕೆ ಬನ್ನಿ. ನಮ್ಮ ಅಳಿಯಂದ್ರ ಉಪಗ್ರಹ ಡ್ರೈವಿಂಗ್ ಟೆಸ್ಟಿಗೆ ಬಂದಿದೆ."

ಹತ್ತು ನಿಮಿಷದಲ್ಲಿ ಬೀದಿಗೆ ಬೀದಿಯೇ ಮೈದಾನದಲ್ಲಿತ್ತು. ಟೈಲರ್ ಅರ್ಧ ಹೊಲಿದ ಕೋಟನ್ನು ಹೆಗಲಿಗೆ ಹಾಕಿಕೊಂಡೇ ಓಡಿ ಬಂದ. ಔಷಧಿ ಅಂಗಡಿಯವನು ಬಾಗಿಲಿಗೆ 'ಉಪಗ್ರಹ ನೋಡಿ ಬರುವೆ, ತುರ್ತಿದ್ದರೆ ತಡೆದುಕೊಳ್ಳಿ' ಎಂದು ಚೀಟಿ ಅಂಟಿಸಿ ಬಂದ. ರಿಟೈರ್ಡ್ ಹೆಡ್‌ಮಿಸ್ ಮಡಚುವ ಕುರ್ಚಿ ತಂದು ಮುಂದಿನ ಸಾಲಿನಲ್ಲೇ ಹಾಕಿಸಿಕೊಂಡು ಕೂತರು.

"ಸಾರ್, ಇದು ಮೇಲಕ್ ಹೋದ್ಮೇಲೆ ನಮ್ ಅಂಗಡಿ ಬೋರ್ಡ್ ಕಾಣ್ಸತ್ತಾ?" ಟೈಲರ್ ಕಿವಿಯಲ್ಲಿ ಕೇಳಿದ. "ಕಾಣ್ಸೋದಾದ್ರೆ ಬೋರ್ಡ್ ಕಳಚಿ ಟೆರೇಸ್ ಮೇಲೆ ಮಲಗ್ಸಿಬಿಡ್ತೀನಿ."

"ಏನ್ ಕಾಣ್ಸತ್ತೋ ಇಲ್ವೋ ಅಳಿಯಂದ್ರನ್ನ ಕೇಳು, ಹೋಗ್ಬಂದೋರು ಅವ್ರು," ಎಂದ ಔಷಧಿ ಅಂಗಡಿಯವನು. "ಬಂದ್ಮೇಲೆ ತೂಕ ಇಳಿದಿದೆ. ನಾನ್ ಅವತ್ತೇ ಹೇಳಿದ್ನಲ್ಲ?"

"ಅಲ್ಲಿ ಬಾತ್‌ರೂಮಿಗೆ ಹೆಂಗ್ ಸಾರ್?" ಹಿಂದಿನಿಂದ ಯಾರೋ ಕೂಗಿದರು.

ಲ್ಯಾಪ್‌ಟಾಪಿನ ದೀಪ ಕೆಂಪಗೆ ಉರಿಯುತ್ತಿತ್ತು. ಫೋನ್ ಗುಂಯ್‌ಗುಟ್ಟಿತು. ಡೇಟಾ ಮೇಡಂ.

"ಮುಚ್ಚಳ, ನಿಮ್ಮ ಚುಕ್ಕಿ ಅಲ್ಲೇ ನಿಂತಿದೆ."

"ಹೊರಟ್ವಿ ಮೇಡಂ."

"ಹಿಂದೆ ಅದೇನ್ ಗಲಾಟೆ?"

"ಪಕ್ಷಿಗಳು ಮೇಡಂ."

"ಪಕ್ಷಿಗಳು ಬಾತ್‌ರೂಮ್ ಕೇಳ್ತಿದಾವೆ," ಎಂದರು ಮೇಡಂ. "ಹನ್ನೆರಡು ಗಂಟೆ. ನೆನಪಿರ್ಲಿ. ಸೋಮವಾರಕ್ಕೆ ನಿಮ್ ಕುರ್ಚಿ ಒರ್ಸಿ ಇಟ್ಟಿದಾರೆ."

ಗಂಟೆ ಹನ್ನೊಂದು. ಕ್ಲಚ್ಚಣ್ಣನ ಫೋನ್ ಸ್ವಿಚ್ ಆಫ್. ಬೇಕರಿ ನಿಯಮದ ಪ್ರಕಾರ ಮುಚ್ಚಳ ಓಡಿಸುವಂತಿಲ್ಲ. ಅವನು ಕಾರಿನಿಂದಿಳಿದು ಕೈಯೆತ್ತಿದ. "ನೋಡಿ, ಡ್ರೈವರ್ ಹೊರಟುಹೋದ. ಇವತ್ತು ಟೆಸ್ಟ್ ಇಲ್ಲ. ಎಲ್ರೂ ಮನೆಗೆ..."

"ಯಾಕಿಲ್ಲ?" ಹೆಡ್‌ಮಿಸ್ ಕೋಲೆತ್ತಿದರು. "ಮೂವತ್ತೊಂದು ವರ್ಷ ಊರಿಗೇ ಎಂಟು ಕಲಿಸಿದೋರು ಇಲ್ಲೇ ನಿಂತಿದಾರಲ್ಲ! ಸಾಹೇಬ್ರೇ, ನೀವೇ ಓಡ್ಸಿ!"

"ಹೌದ್ ಹೌದು! ಸಾಹೇಬ್ರೇ ಓಡಿಸ್ಲಿ!" ಮೈದಾನ ಒಕ್ಕೊರಲಿನಿಂದ ಕೂಗಿತು. ಔಷಧಿ ಅಂಗಡಿಯವನು ಸಿಳ್ಳೆ ಹೊಡೆದ. ಅವನೂ ನಾಲ್ಕು ಸಲ ಫೇಲಾದವನೇ, ಆ ಸಿಳ್ಳೆಯಲ್ಲಿ ಸ್ವಲ್ಪ ಹಳೆಯ ಲೆಕ್ಕವೂ ಇತ್ತು.

ಸಾಹೇಬರ ಮುಖದ ಬಣ್ಣ ಗೋಡೆಯ ಸುಣ್ಣದಂತಾಯಿತು. ಆದರೂ ಎದೆ ಇಳಿಸದೆ ನಡೆದು ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಬಾಗಿಲು ಹಾಕಿಕೊಂಡರು. ಕಿಟಕಿ ಏರಿಸಿದರು. ಕನ್ನಡಿ ಸರಿಮಾಡಿದರು. ಮತ್ತೆ ಸರಿಮಾಡಿದರು. ಹಿಂದೆ ಕೂತ ಮುಚ್ಚಳನಿಗೆ ಆ ಕನ್ನಡಿಯಲ್ಲಿ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಟೆಸ್ಟಿಗೆ ಬಂದವರ ಕಣ್ಣು.

"ಮಾವ, ಯಂತ್ರ ಆಫ್ ಆಗಿತ್ತು, ಮತ್ತೆ ಐದು ನಿಮಿಷ ಅಲ್ಲಾಡ್ದೆ ಕೂರ್ಬೇಕು. ಆಮೇಲೆ ಎಂಟು."

"ಐದು ನಿಮಿಷ ಸಾಕಾ? ಹತ್ತು ಕೂರೋಣ," ಎಂದರು ಸಾಹೇಬರು ತುಟಿ ಅಲ್ಲಾಡಿಸದೆ.

ಹೊರಗೆ ಇಬ್ಬರೂ ಬೊಂಬೆಗಳ ಹಾಗೆ ಕೂತಿದ್ದನ್ನು ಕಂಡು ಟೈಲರ್ ಪಿಸುಗುಟ್ಟಿದ, "ಕೌಂಟ್‌ಡೌನ್ ಶುರು!" ಐದು ನಿಮಿಷಕ್ಕೆ ಎಷ್ಟು ಸೆಕೆಂಡು ಎಂದು ಹೆಡ್‌ಮಿಸ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೋಲು ನೆಲಕ್ಕೆ ಕುಟ್ಟಿ ಎತ್ತರದ ದನಿಯಲ್ಲಿ ತೆಗೆದರು: "ಮುನ್ನೂರು! ಇನ್ನೂರ ತೊಂಬತ್ತೊಂಬತ್ತು!" ಬೀದಿಯೆಲ್ಲ ದನಿಗೂಡಿಸಿತು.

"ಅಳಿಯಂದ್ರೇ," ಎಂದರು ಸಾಹೇಬರು ಕನ್ನಡಿಯಲ್ಲಿ.

"ಮಾವ?"

"ಇನ್ನೂರ ಅರವತ್ತೊಂದು!" ಎಂದಿತು ಬೀದಿ.

"ನಂಗೆ ಡ್ರೈವಿಂಗ್ ಬರಲ್ಲ."

ಮುಚ್ಚಳನಿಗೆ ಕೆಮ್ಮು ಬಂತು. ಯಂತ್ರಕ್ಕೆ ಹೆದರಿ ನುಂಗಿದ. "ಏನಂದ್ರಿ?"

"ಬರಲ್ಲ ಅಂದೆ. ಜೀವಮಾನ ಪೂರ್ತಿ ಪಕ್ಕದ್ ಸೀಟಲ್ಲೇ ಕೂತೋನು ನಾನು. ಸ್ಟಿಯರಿಂಗ್ ಈ ಕಡೆಯಿಂದ ಇಷ್ಟು ದೊಡ್ಡದಾಗಿ ಕಾಣ್ಸತ್ತೆ ಅಂತ ಇವತ್ತೇ ಗೊತ್ತಾಗಿದ್ದು."

"ಮತ್ತೆ ಲೈಸೆನ್ಸ್?"

"ನಾನೇ ಆಫೀಸು. ನನ್ನ ಯಾರ್ ಕೇಳ್ತಾರೆ?"

"ಇನ್ನೂರ ಹತ್ತು!"

ಮುಚ್ಚಳನಿಗೆ ಎರಡು ವರ್ಷದಿಂದ ಎದೆಯ ಮೇಲೆ ಕೂತಿದ್ದ ರಾಕೆಟ್ ಸ್ವಲ್ಪ ಅಲುಗಿದಂತಾಯಿತು. ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ. ಮೇಲಾಗಿ, ಐದು ನಿಮಿಷ ಮುಗಿಯುವವರೆಗೆ ಮಾವ ಕೈ ಎತ್ತುವಂತಿಲ್ಲ.

"ಮಾವ, ನಂಗೂ ರಾಕೆಟ್ ಬರಲ್ಲ."

ಕನ್ನಡಿಯ ಕಣ್ಣು ಅಗಲವಾಯಿತು.

"ಇದು ಉಪಗ್ರಹ ಅಲ್ಲ, ಕ್ಯಾಮೆರಾ. ನಾನು ಬೀದಿ ಸುತ್ತಿ ಅಳತೆ ಹಿಡಿಯೋನು. ಇವತ್ತು ಈ ಬೀದಿ ಅಳೀದೇ ಇದ್ರೆ ಸೋಮವಾರದಿಂದ ಕಿಟಕಿ ಇಲ್ದಿರೋ ರೂಮಲ್ಲಿ ಕೂರಿಸ್ತಾರೆ."

"ಮೇಲೆ ಹೋಗ್ಬಂದಿದ್ದು?"

"ನಮ್ಮನೆ ಟೆರೇಸಿಗೆ. ಬಟ್ಟೆ ಒಣಹಾಕೋಕೆ."

"ನೂರಾ ನಲವತ್ತೆಂಟು!"

ಸಾಹೇಬರ ಮೂಗಿನ ತುದಿ ಸಣ್ಣಗೆ ನಡುಗತೊಡಗಿತು. ಸಿಟ್ಟು ಎಂದುಕೊಂಡ ಮುಚ್ಚಳ. ನಗುವಾಗಿತ್ತು. ಐದು ನಿಮಿಷ ಅಲ್ಲಾಡಬಾರದೆಂದು ತಡೆದು ತಡೆದು ಅದು ಕಣ್ಣಿನಿಂದ ನೀರಾಗಿ ಇಳಿಯುತ್ತಿತ್ತು.

"ಆಚೆ ಜನ ಕಾಯ್ತಿದಾರಲ್ಲ ಅಳಿಯಂದ್ರೇ. ಈಗೇನ್ ಮಾಡೋದು?"

"ಇಬ್ರೂ ಒಟ್ಟಿಗೆ ತಲೆತಿರುಗಿ ಬೀಳೋಣ್ವಾ?"

"ಹತ್ತು! ಒಂಬತ್ತು! ಎಂಟು!" ಎಂಟು ಬಂದಾಗ ಬೀದಿ ಚಪ್ಪಾಳೆ ತಟ್ಟಿತು. "ಮೂರು! ಎರಡು! ಒಂದು!"

ಎಲ್ಲರೂ ಕಿವಿ ಮುಚ್ಚಿಕೊಂಡರು. ಔಷಧಿ ಅಂಗಡಿಯವನು ಹೆಡ್‌ಮಿಸ್ ಕುರ್ಚಿಯ ಹಿಂದೆ ಕೂತ.

ಏನೂ ಹಾರಲಿಲ್ಲ. ಕಾರಿನ ಬಾಗಿಲು ಮಾತ್ರ ತೆರೆಯಿತು, ಅದೂ ಹೊರಗಿನಿಂದ. ಕೈಯಲ್ಲಿ ಬುತ್ತಿ ಡಬ್ಬಿ ಹಿಡಿದು ಅತ್ತೆ ನಿಂತಿದ್ದರು.

"ಸರೀರಿ ಆ ಕಡೆ," ಎಂದರು ಗಂಡನಿಗೆ.

"ಎಲ್ಲಿಗೆ?"

"ನಿಮ್ ಜಾಗಕ್ಕೆ. ಪಕ್ಕದ್ ಸೀಟಿಗೆ."

"ಏನೇ ಇದು, ಹುಡುಗಾಟಾನಾ? ನಿಂಗೆಲ್ಲಿ..."

"ಒಂಬತ್ತು ಸಲ ಫೇಲ್ ಮಾಡಿದ್ರಲ್ಲ ನನ್ನ? ಸ್ವಂತ ಹೆಂಡ್ತೀನ ಪಾಸ್ ಮಾಡಿದ್ರೆ ಜನ ಏನಂತಾರೆ ಅಂತ? ಹತ್ತನೇ ಸಲ ಪಕ್ಕದೂರಿಗೆ ಹೋದೆ. ಒಂದೇ ಏಟಿಗೆ ಪಾಸು. ಹನ್ನೆರಡು ವರ್ಷ ಆಯ್ತು." ಅತ್ತೆ ಬುತ್ತಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಊಟದ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಲೈಸೆನ್ಸು. "ಗುರುವಾರ ಗುರುವಾರ ಹೆಡ್‌ಮಿಸ್ ಕಾರಲ್ಲಿ ಮಾರ್ಕೆಟ್ಟಿಗೆ ಹೋಗ್ತೀವಲ್ಲ, ಓಡ್ಸೋದು ಅವರು ಅಂದ್ಕೊಂಡಿದ್ರಾ? ಅವರಿಗೆ ಎದುರಿಗೆ ಬರೋ ಲಾರಿನೇ ಕಾಣ್ಸಲ್ಲ."

ಹೆಡ್‌ಮಿಸ್ ಕುರ್ಚಿಯಲ್ಲಿ ಕೂತೇ ಕೈ ಬೀಸಿದರು.

ಅತ್ತೆ ಸ್ಟಿಯರಿಂಗ್ ಹಿಡಿದು, ಹಿಂದೆ ತಿರುಗದೆ ಕನ್ನಡಿಯಲ್ಲೇ ಹೇಳಿದರು, "ಅಳಿಯಂದ್ರೇ, ಬಾಯಿ ಮುಚ್ಕೊಳಿ, ನೊಣ ಹೋಗತ್ತೆ. ನಿಮ್ದೂ ಮದುವೆಗೆ ಮುಂಚೇನೇ ಗೊತ್ತು ನಂಗೆ. ರಾಕೆಟ್ ಬಿಡೋನಿಗೆ ಎಡಗೈ ಒಂದೇ ಹಂಗೆ ಸುಟ್ಟ ಬದನೆಕಾಯಿ ಆಗಿರಲ್ಲ. ಇಡೀ ದಿನ ಕಾರ್ ಕಿಟಕಿ ಮೇಲೆ ಕೈ ಇಡೋನಿಗೆ ಆಗತ್ತೆ. ದುಡಿಯೋ ಹುಡುಗ ಅಂತಾನೇ ಒಪ್ಕೊಂಡಿದ್ದು. ಈಗ ಏನು, ಎಂಟು ಹಾಕ್ಬೇಕಾ?"

"ಹಾ... ಹಾಕ್ಬೇಕು ಅತ್ತೆ. ಆಮೇಲೆ ಬೀದಿ ಪೂರ್ತಿ, ಇಪ್ಪತ್ತರ ಸ್ಪೀಡಲ್ಲಿ. ಆದ್ರೆ ಜನ ಓಡಾಡ್ಬಾರ್ದು."

"ಅದು ಇವರ ಡ್ಯೂಟಿ," ಎಂದರು ಅತ್ತೆ ಗಂಡನ ಕಡೆ ಗಲ್ಲ ತೋರಿಸಿ. "ಇಳೀರಿ. ಬೀದಿ ಬಾಯಲ್ಲಿ ನಿಂತ್ಕೊಳಿ. ನಿಮ್ ಸೀಟಿಗೆ ಹೆದರದೇ ಇರೋಳು ಈ ಊರಲ್ಲಿ ನಾನೊಬ್ಳೇ."

ಸಾಹೇಬರು ಇಳಿದರು. ಸೊಂಟ ಬಿಗಿದು ಬೀದಿಯ ಬಾಯಲ್ಲಿ ನಿಂತರು. ಪೀಂಯ್! "ಎಲ್ರೂ ಕೇಳಿ! ಟೆಸ್ಟ್ ಶುರುವಾಗಿದೆ! ಗೋಡೆಗೆ ಅಂಟ್ಕೊಂಡು ನಿಲ್ಲಿ. ಅಲ್ಲಾಡಿದೋರು... ಫೇಲ್!"

ಆ ಕೊನೆಯ ಪದ ಕೇಳಿದ್ದೇ ತಡ, ಬೀದಿಯ ಅರ್ಧ ಜನಸಂಖ್ಯೆಯ ಮೊಣಕಾಲು ಹಳೆಯ ನೆನಪಿನಲ್ಲಿ ತಂತಾನೆ ಬಿಗಿಯಿತು. ಎಲ್ಲರೂ ಹೋಗಿ ತಂತಮ್ಮ ಗೇಟಿನ ಪಕ್ಕ ಭಿತ್ತಿಚಿತ್ರಗಳಾದರು. ಟೈಲರ್ ಕೋಟು ತೊಟ್ಟು, ನಗು ತೊಟ್ಟು, ಉಸಿರು ಹಿಡಿದ.

ಅತ್ತೆ ಎಂಟು ಹಾಕಿದರು. ಅದು ಎಂಟೆಂದರೆ ಎಂಟು. ಮೇಲಿನ ಹೊಟ್ಟೆ ಕೆಳಗಿನ ಹೊಟ್ಟೆ ಅವಳಿ ಜವಳಿ, ಸೊಂಟ ಮಾತ್ರ ನೂಲಿನಷ್ಟು. ಎರಡನೆಯ ಎಂಟು ಮೊದಲನೆಯದರ ಮೇಲೆಯೇ ಹೋಯಿತು. ಸಾಹೇಬರು ನೋಡುತ್ತಿದ್ದರು. ಮೂವತ್ತೊಂದು ವರ್ಷ ಯಾವ ಎಂಟಿಗಾಗಿ ಊರನ್ನೆಲ್ಲ ಅಳಿಸಿದ್ದರೋ ಆ ಎಂಟು ಅವರದೇ ಅಡುಗೆಮನೆಯಲ್ಲಿ ಇತ್ತು. ಸೀಟಿ ಬಾಯಲ್ಲೇ ಉಳಿಯಿತು, ಊದಲು ಏನೂ ಸಿಗಲಿಲ್ಲ.

ದೀಪ ಹಸಿರಾಯಿತು. ಕಾರು ಬೀದಿಗೆ ಇಳಿಯಿತು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಹೋಗಿ ಬಂದರೂ ಬುತ್ತಿ ಡಬ್ಬಿಯಲ್ಲಿದ್ದ ಮಜ್ಜಿಗೆ ಒಂದು ತೊಟ್ಟೂ ತುಳುಕಲಿಲ್ಲ. ಕೊನೆಗೆ ಮತ್ತೆ ಮೈದಾನ, ಮತ್ತೆ ಎಂಟು, ಮತ್ತೆ ಐದು ನಿಮಿಷದ ಮೌನ. ಮುಚ್ಚಳ 'ಸೇವ್' ಒತ್ತಿದಾಗ ಹನ್ನೆರಡಕ್ಕೆ ನಾಲ್ಕು ನಿಮಿಷ ಬಾಕಿ.

"ಸಾಹೇಬ್ರೇ, ಪಾಸಾ?" ಹೆಡ್‌ಮಿಸ್ ಕೂಗಿ ಕೇಳಿದರು.

ಸಾಹೇಬರು ಅಳಿಯನನ್ನು ನೋಡಿದರು. ಅಳಿಯ ಮಾವನನ್ನು ನೋಡಿದ. ಇಬ್ಬರ ಗುಟ್ಟೂ ಇಬ್ಬರ ಜೇಬಿನಲ್ಲಿ 'ನೀ ನಂಗಿದ್ರೆ ನಾ ನಿಂಗೆ' ಎನ್ನುತ್ತಿತ್ತು.

"ಉಪಗ್ರಹ ಪಾಸ್!" ಎಂದರು ಸಾಹೇಬರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಓಡಿಸ್ದೋರೂ ಪಾಸು."

"ಹನ್ನೆರಡು ವರ್ಷ ಲೇಟು," ಎಂದರು ಅತ್ತೆ.

ಹದಿನೈದು ದಿನದ ಮೇಲೆ ನಕ್ಷೆ ತೆರೆಯಿತು. ಮಾವನ ಮನೆಯ ಟಿವಿಯ ಮುಂದೆ ಬೀದಿ ಜಮಾಯಿಸಿತು. 'ಉಪಗ್ರಹ ಮೇಲಿಂದ ಕಳಿಸಿದ ಫೋಟೋ' ಎಂದೇ ಎಲ್ಲರ ನಂಬಿಕೆ. ಗೇಟಿನ ಮಟ್ಟದಿಂದ ಹೇಗೆ ತೆಗೆಯಿತು ಎಂದು ಯಾರೋ ಕೇಳಿದ್ದಕ್ಕೆ ಔಷಧಿ ಅಂಗಡಿಯವನು, "ಬಗ್ಗಿ ತೆಗ್ದಿದೆ" ಎಂದು ಬಾಯಿ ಮುಚ್ಚಿಸಿದ. ಆದರೆ ಎಲ್ಲರ ಮುಖವೂ ಮಸುಕು. ಟೈಲರನ ನಗು ಕೋಟಿನ ಮೇಲೆ ಒಂದು ಮೋಡ.

"ಅಯ್ಯೋ, ಐದ್ ನಿಮಿಷ ನಕ್ಕಿದ್ನಲ್ಲ ಸಾರ್! ಕೆನ್ನೆ ನೋವು ಇನ್ನೂ ಹೋಗಿಲ್ಲ!"

ಸ್ಪಷ್ಟವಾಗಿ ಕಾಣುತ್ತಿದ್ದ ಮುಖ ಒಂದೇ. ಬೀದಿಯ ಬಾಯಲ್ಲಿ, ಬಾಯಲ್ಲಿ ಸೀಟಿ ಹಿಡಿದು, ಹುಬ್ಬು ಗಂಟಿಕ್ಕಿ ನಿಂತ ಎಂಟರ ಸಾಹೇಬರು. "ನೋಡಿದ್ರಾ?" ಎಂದು ಸಾಹೇಬರು ಎದೆ ಉಬ್ಬಿಸುತ್ತಿದ್ದಂತೆ ಮುಚ್ಚಳನ ಫೋನ್ ಗುಂಯ್‌ಗುಟ್ಟಿತು.

"ಮುಚ್ಚಳ, ಡೇಟಾ ಬಂಗಾರ," ಎಂದರು ಡೇಟಾ ಮೇಡಂ, ಅಡುಗೆಮನೆಗೂ ಕೇಳುವ ದನಿಯಲ್ಲಿ. "ಕುರ್ಚಿ ಬೇರೆಯವರಿಗೆ ಕೊಟ್ಟೆ. ಅಂಥಾ ಎಂಟು ಹಾಕಿದ್ ಡ್ರೈವರ್ ಯಾರು? ನಮಗೆ ಬೇಕು. ಇನ್ನೊಂದು ವಿಷ್ಯ. ಬೀದಿ ಬಾಯಲ್ಲಿ ಒಂದು ಕಂಬ ಜಾಸ್ತಿ ಬಂದಿದೆ. ಯಂತ್ರ ಎಲ್ಲಾನೂ ತಾನೇ ಗುರುತಿಸ್ತು, ಮರ, ಗೇಟು, ಕಂಬ ಅಂತ. ಈ ಕಂಬಕ್ಕೆ ಮಾತ್ರ ದೀಪ ಇಲ್ಲ, ತಂತಿ ಇಲ್ಲ. ಏನದು?"

ಮುಚ್ಚಳ ಟಿವಿ ನೋಡಿದ. ಅಷ್ಟು ಹೊತ್ತು ರೆಪ್ಪೆಯೂ ಅಲುಗಿಸದೆ ನಿಂತ ಆ ಒಬ್ಬರನ್ನು ಯಂತ್ರ ಮನುಷ್ಯರ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಂಬಕ್ಕೆಲ್ಲಿಯ ಮುಖ, ಮಸುಕು ಮಾಡಲು?

"ಮೇಡಂ, ಅದು ಕಂಬ ಅಲ್ಲ. ನಮ್ ಮಾವ."

"ಹಾಗಾದ್ರೆ ತೆಗೆದುಬಿಡಿ."

"ತೆಗೆಯೋಕಾಗಲ್ಲ ಮೇಡಂ. ಮನೆ ಅದರ ಮೇಲೇ ನಿಂತಿದೆ."

"ಯಾರಂದಿದ್ದು?" ಎಂದರು ಅತ್ತೆ ಅಡುಗೆಮನೆಯಿಂದ. "ಮೇಡಂಗೆ ಹೇಳಿ, ಗುರುವಾರ ಒಂದ್ ಬಿಟ್ಟು ಉಳಿದ ದಿನ ಬರ್ತೀನಿ ಅಂತ."

ಮರು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಹೆಡ್‌ಮಿಸ್ ಅವರ ಕಾರು ನಿಂತಿತ್ತು. ಹಿಂದೆ ಮುಂದೆ ಕೆಂಪು 'ಎಲ್' ಬೋರ್ಡು. ಡ್ರೈವರ್ ಸೀಟಿನಲ್ಲಿ ಎಂಟರ ಸಾಹೇಬರು. ಹಿಂದಿನ ಸೀಟಿನಲ್ಲಿ ಮುಚ್ಚಳ, ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು. ಗೋಡೆಯ ಆಚೆಯಿಂದ ಕ್ಲಚ್ಚಣ್ಣನ ಎರಡು ಕಣ್ಣು, ಪುಕ್ಕಟೆ ಸಿನಿಮಾಕ್ಕೆ ಬಂದ ಹಾಗೆ. ಮೈದಾನದ ನಡುವೆ ಅತ್ತೆ, ಕೊರಳಲ್ಲಿ ಸೀಟಿ.

ಕಾರು ಒಮ್ಮೆ ಜಿಗಿಯಿತು, ಕೆಮ್ಮಿತು, ಹೊರಟಿತು. ಮೇಲಿನ ಸುತ್ತು ಹೇಗೋ ಬಳಸಿತು. ಕೆಳಗಿನ ಸುತ್ತಿಗೆ ಬಂದಾಗ ತಿರುಗಬೇಕಾದಲ್ಲಿ ತಿರುಗದೆ, ಕೂಡಬೇಕಾದಲ್ಲಿ ಕೂಡದೆ, ಬಾಲ ಉದ್ದ ಮಾಡಿಕೊಂಡು ನೇರ ಗೇಟಿನ ಕಡೆ ಹೊರಟೇಬಿಟ್ಟಿತು.

"ಮಾವ, ಬ್ರೇಕು! ಮಧ್ಯದ್ದು ಮಾವ, ಮಧ್ಯದ್ದು!"

ಪೀಂಯ್!

"ರೀ, ಇದ್ಯಾವ ಎಂಟ್ರೀ?" ಗೇಟು ದಾಟಿ ಕಣ್ಮರೆಯಾಗುತ್ತಿದ್ದ ಕಾರಿಗೆ ಕೇಳುವಂತೆ ಅತ್ತೆ ಕೂಗಿದರು. "ಕನ್ನಡದ್ದು! ಫೇಲ್! ಮುಂದಿನ ವಾರ ಬನ್ನಿ!"